ತಲಕಾಡಿನ ಮರಳು: ಶಾಪವೂ ಗಾಳಿಯೂ

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಕಾವೇರಿಯ ಎಡದಂಡೆಯ ಮೇಲಿರುವ ತಲಕಾಡು ಕರ್ಣಾಟಕದ ಇತಿಹಾಸದಲ್ಲಿ ಪಡೆದಿರುವ ಸ್ಥಾನವನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ತಲವನಪುರವೆಂಬ ಹೆಸರಿನಿಂದ ಅದು ಗಂಗರ ರಾಜಧಾನಿಯಾಗಿತ್ತು. 11ನೆಯ ಶತಮಾನದ ಆದಿಯಲ್ಲಿ ಚೋಳರ ವಶವಾಗಿ ರಾಜರಾಜಪುರವೆನಿಸಿತು. 1116-17ರ ಸುಮಾರಿನಲ್ಲಿ ಹೊಯ್ಸಳ ವಿಷ್ಣುವರ್ಧನನು ಅದನ್ನು ಗೆದ್ದು ‘ತಲಕಾಡುಗೊಂಡ’ನೆಂಬ ಬಿರುದನ್ನು ಧರಿಸಿ, ಕೀರ್ತಿನಾರಾಯಣ ದೇವಾಲಯವನ್ನು ಕಟ್ಟಿಸಿದನು. ಇಂತಹ ಪಟ್ಟಣವು ಮರಳಿನ ಕೆಳಗೆ ಹೂತುಹೋದದ್ದು ಹೇಗೆ ಎಂಬ ಪ್ರಶ್ನೆಗೆ ಜನರು ಒಂದೇ ಉತ್ತರವನ್ನು ಬಲ್ಲರು. ಕಳೆದ ಬಾರಿ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಾವು ಇದನ್ನೇ ಕೇಳಿದೆವು. ಇಡೀ ತರಗತಿಯು ಒಕ್ಕೊರಲಿನಿಂದ ಅಲಮೇಲಮ್ಮನ ಹೆಸರನ್ನು ಹೇಳಿತು.

ಕಥೆ ಪ್ರಸಿದ್ಧವಾದುದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದಾಗ ವಿಜಯನಗರದ ಪ್ರತಿನಿಧಿ ತಿರುಮಲರಾಜನು ತಲಕಾಡಿಗೆ ಬಂದು ತೀರಿಕೊಂಡನೆಂದೂ, ಒಡವೆಗಳಿಗಾಗಿ ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಳ್ಳಲು ಅವನ ಪತ್ನಿಯು ಕಾವೇರಿಗೆ ಹಾರಿದಳೆಂದೂ ಹೇಳುತ್ತಾರೆ. ತಲಕಾಡು ಮರಳಾಗಲಿ, ಎದುರುದಂಡೆಯ ಮಾಲಂಗಿ ಮಡುವಾಗಲಿ, ಮೈಸೂರಿನ ದೊರೆಗಳಿಗೆ ಸಂತಾನವಿಲ್ಲದಿರಲಿ ಎಂಬುದು ಅವಳ ಶಾಪ. ಮೂರನೆಯ ಮಾತನ್ನು ನಾವು ಇಲ್ಲಿ ವಿಚಾರಿಸುವುದಿಲ್ಲ. ಮೊದಲೆರಡು ಮಾತುಗಳು ಮಾತ್ರ ಗಮನಾರ್ಹವಾಗಿವೆ. ತಲಕಾಡಿನ ಬಳಿ ಕಾವೇರಿಯು ದೊಡ್ಡದಾಗಿ ತಿರುಗಿ ಹರಿಯುತ್ತದೆ. ತಿರುವಿನ ಹೊರಮಗ್ಗುಲಲ್ಲಿ ನೀರಿನ ಸೆಳೆತ ಹೆಚ್ಚಾಗಿ ದಂಡೆ ಕೊರೆದು ಆಳವಾಗುವುದೂ, ಒಳಮಗ್ಗುಲಲ್ಲಿ ಸೆಳೆತ ಕುಗ್ಗಿ ಮರಳು ನಿಲ್ಲುವುದೂ ನದಿಗಳ ಸಾಮಾನ್ಯ ಧರ್ಮ. ಮಡುವೂ ಮರಳೂ ಒಂದೇ ತಿರುವಿನ ಎರಡು ಪಾರ್ಶ್ವಗಳು. ಈ ಶಾಪವನ್ನು ಮೊದಲು ನುಡಿದವರು ಯಾರೇ ಆಗಿರಲಿ, ಅವರು ನದಿಯನ್ನು ಬಹಳ ಕಾಲ ನೋಡಿ ಬಲ್ಲವರಾಗಿದ್ದರು.

ಆದರೆ ನದಿಯು ಮರಳನ್ನು ತನ್ನ ಪಾತ್ರದಲ್ಲಿ ಹರಡಬಲ್ಲುದೇ ಹೊರತು ದಂಡೆಯ ಮೇಲಿನ ಊರಿಗೆ ಹೊತ್ತು ದಿಣ್ಣೆಗಳಾಗಿ ಒಟ್ಟಲಾರದು. ಆ ಕೆಲಸ ಗಾಳಿಯದು. ಬೀಸುಮರಳಿನ ಚಲನೆಯನ್ನು ಲಿಬಿಯದ ಮರುಭೂಮಿಯಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ಅಳೆದು 1941ರಲ್ಲಿ ಗ್ರಂಥವನ್ನು ಪ್ರಕಟಿಸಿದ ಬ್ಯಾಗ್ನೋಲ್ಡ್ ಎಂಬ ಆಂಗ್ಲ ಸೈನ್ಯಾಧಿಕಾರಿಯಿಂದ ಈ ವಿಷಯದಲ್ಲಿ ನಮಗೆ ಖಚಿತವಾದ ತಿಳಿವಳಿಕೆ ದೊರೆತಿದೆ. ನವುರಾದ ಧೂಳು ಗಾಳಿಯಲ್ಲಿ ತೇಲಿ ದೂರ ಹೋಗುತ್ತದೆ. ದಪ್ಪನೆಯ ಹರಳು ನೆಲದ ಮೇಲೆ ಉರುಳುತ್ತದೆ. ಇವೆರಡರ ನಡುವಣ ಮರಳಿನ ಕಣವು ಎದ್ದು, ಮುಂದೆ ಹಾರಿ, ಬಿದ್ದಲ್ಲಿ ಇನ್ನಷ್ಟು ಕಣಗಳನ್ನು ಎಬ್ಬಿಸುತ್ತದೆ. ಈ ನೆಗೆತವು ಸಾಮಾನ್ಯವಾಗಿ ಆಳೆತ್ತರವನ್ನು ಮೀರುವುದಿಲ್ಲ. ಆದುದರಿಂದಲೇ ಒಂದು ಗೋಡೆ, ಒಂದು ಬೇಲಿ, ಒಂದು ಪೊದೆ ಅಡ್ಡಬಂದರೂ ಗಾಳಿಯ ವೇಗ ತಗ್ಗಿ ಮರಳು ಅಲ್ಲಿಯೇ ನಿಲ್ಲುತ್ತದೆ. ನಿಂತ ಮರಳೇ ಮುಂದೆ ಬರುವ ಮರಳಿಗೆ ಅಡ್ಡಿಯಾಗುತ್ತದೆ. ಗಾಳಿಗೆ ಎದುರಾದ ಮಗ್ಗುಲು ಇಳಿಜಾರಾಗಿಯೂ ಹಿಂದಿನ ಮಗ್ಗುಲು ಕಡಿದಾಗಿಯೂ ಇರುವ ದಿಣ್ಣೆ ಹೀಗೆ ಹುಟ್ಟುತ್ತದೆ. ಎದುರು ಮಗ್ಗುಲ ಕಣಗಳು ನೆತ್ತಿಯನ್ನೇರಿ ಹಿಂದಕ್ಕೆ ಜಾರುತ್ತ ದಿಣ್ಣೆಯೇ ನಡೆಯತೊಡಗುತ್ತದೆ. ಪ್ರಾಕಾರ, ಮಂಟಪ, ಗರ್ಭಗುಡಿಗಳುಳ್ಳ ದೇವಾಲಯಕ್ಕಿಂತ ಮರಳನ್ನು ಚೆನ್ನಾಗಿ ಹಿಡಿದಿಡುವ ಕಟ್ಟಡ ಬೇರೊಂದಿಲ್ಲ. ತಲಕಾಡಿನ ವೈಭವವೇ ಅದರ ಮುಳುಗಡೆಗೆ ನೆರವಾಯಿತೆಂದರೆ ಅತಿಶಯೋಕ್ತಿಯಾಗದು.

ಗಾಳಿಯ ವೇಗ ಇಮ್ಮಡಿಯಾದರೆ ಅದು ಸಾಗಿಸುವ ಮರಳು ಸುಮಾರು ಎಂಟು ಮಡಿಯಾಗುತ್ತದೆಂಬುದು ಈ ಶಾಸ್ತ್ರದ ಇನ್ನೊಂದು ಮುಖ್ಯ ಅಂಶ. ವರ್ಷದ ಕೆಲವೇ ವಾರಗಳ ಬಿರುಗಾಳಿಯು ಉಳಿದ ತಿಂಗಳುಗಳ ಮಂದಮಾರುತಕ್ಕಿಂತ ಹೆಚ್ಚಿನ ಕೆಲಸ ಮಾಡಬಲ್ಲುದು. ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ತಲಕಾಡಿನಲ್ಲಿ ಬಲವಾಗಿ ಬೀಸುವುದು ನೈರುತ್ಯ ಮಾರುತ. ಆ ಕಾಲದಲ್ಲಿ ನದಿ ತುಂಬಿರುತ್ತದೆ, ಮಳೆಯೂ ಬರುತ್ತದೆ. ಒದ್ದೆಯಾದ ಮರಳು ಏಳುವುದೆಂತು? ಉತ್ತರವು ಪ್ರದೇಶದ ಸ್ವರೂಪದಲ್ಲಿಯೇ ಇದೆ. ಪಶ್ಚಿಮಘಟ್ಟಗಳ ಮಳೆಯ ಮರೆಯಲ್ಲಿರುವ ಈ ಸೀಮೆಗೆ ಮುಂಗಾರು ತರುವುದು ಗಾಳಿಯನ್ನು ಹೆಚ್ಚಾಗಿ, ಮಳೆಯನ್ನು ಕಡಮೆಯಾಗಿ. ಕೊಡಗಿನಲ್ಲಿ ಮಳೆ ಹಿಡಿದು ಕಾವೇರಿಗೆ ಪ್ರವಾಹ ಬರುವುದಕ್ಕೆ ಮುನ್ನ ಬೇಸಗೆಯಿಡೀ ಒಣಗಿದ ನದೀಪಾತ್ರದ ಮೇಲೆ ಗಾಳಿ ಬೀಸುವ ದಿನಗಳಿವೆ. ನದಿಯು ಮಳೆಗಾಲದಲ್ಲಿ ತಂದಿಟ್ಟುದನ್ನು ಮರುವರ್ಷ ಗಾಳಿಯು ಕೊಂಡೊಯ್ಯುತ್ತದೆ. ಹೋದುದನ್ನು ನದಿಯು ಮತ್ತೆ ತುಂಬುತ್ತದೆ.

ಹಾಗಿದ್ದರೆ ನದಿಯೂ ಗಾಳಿಯೂ ಮೊದಲಿನಿಂದ ಇದ್ದವಷ್ಟೆ. ಗಂಗರ ಕಾಲದಲ್ಲಿಯೇ ಊರು ಏಕೆ ಮುಚ್ಚಿಹೋಗಲಿಲ್ಲ? ಇತಿಹಾಸಕಾರನಿಗೆ ಇದು ನಿಜವಾದ ಪ್ರಶ್ನೆ. ವಿಜಯದ ಸ್ಮಾರಕವಾಗಿ ಕೀರ್ತಿನಾರಾಯಣನ ಗುಡಿಯನ್ನು ಕಟ್ಟಿಸಿದ ವಿಷ್ಣುವರ್ಧನನು ಚಲಿಸುವ ದಿಣ್ಣೆಗಳ ನಡುವೆ ಅಸ್ತಿಭಾರವನ್ನು ಹಾಕಿಸಿದನೆಂದು ನಂಬಲಾಗುವುದಿಲ್ಲ. ಆದುದರಿಂದ 12ನೆಯ ಶತಮಾನದ ಅನಂತರವೇ ಏನೋ ಬದಲಾಯಿತೆನ್ನಬೇಕು. ತಲಕಾಡಿಗೆ ಮೇಲ್ಗಡೆ ಕಾವೇರಿಗೆ ಅಡ್ಡಲಾಗಿ ನಿಂತಿರುವ ಅಣೆಕಟ್ಟನ್ನು ವಿಜಯನಗರದ ಕಾಲದ, 14ನೆಯ ಶತಮಾನದ ಮಾಧವಮಂತ್ರಿಯ ಹೆಸರಿನಿಂದ ಕರೆಯುತ್ತಾರೆ. ಆ ಅಣೆಯು ನೀರನ್ನು ನಾಲೆಗೆ ತಿರುಗಿಸಿದುದರಿಂದ ಕೆಳಗಿನ ಪಾತ್ರವು ಬತ್ತಿ, ಮರಳು ಗಾಳಿಗೆ ಒಡ್ಡಿಕೊಂಡಿತೆಂಬ ವಾದವನ್ನು ಕೆ. ಎನ್. ಗಣೇಶಯ್ಯನವರು 2007ರಲ್ಲಿ ಮಂಡಿಸಿದರು. ಈ ವಾದವು ನಮಗೆ ಒಪ್ಪಿಗೆಯಾಗಿದೆ. ಬತ್ತದ ಗದ್ದೆಗಳಿಗೆ ನೀರು ಕೊಟ್ಟ ಕಟ್ಟೆಯೇ ಪಟ್ಟಣಕ್ಕೆ ಮರಳನ್ನೂ ಕೊಟ್ಟಿತು.

ಆದರೂ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ಬಿ. ಎಲ್. ರೈಸ್ ಅವರು 1897ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಮೈಸೂರು ಗೆಜೆಟಿಯರಿನಲ್ಲಿ ಮರಳುದಿಣ್ಣೆಗಳು ಸುಮಾರು ಒಂದು ಮೈಲಿ ಉದ್ದಕ್ಕೆ ಹಬ್ಬಿದ್ದವೆಂದೂ, ಅವು ವರ್ಷಕ್ಕೆ 9-10 ಅಡಿಯಂತೆ, ಮುಖ್ಯವಾಗಿ ನೈರುತ್ಯ ಮಾರುತದ ಕಾಲದಲ್ಲಿ, ಊರಿನ ಕಡೆಗೆ ಸರಿಯುತ್ತಿದ್ದವೆಂದೂ ತಿಳಿಸಿದ್ದಾರೆ. 5280 ಅಡಿಗಳನ್ನು ಹತ್ತರಿಂದ ಭಾಗಿಸಿದರೆ 528 ವರ್ಷ; ಹಿಂದಕ್ಕೆ ಎಣಿಸಿದರೆ 1369. ಮಾಧವಮಂತ್ರಿಯ ಕಾಲವೇ ಬಂದಿತು! ಈ ಲೆಕ್ಕವನ್ನು ಮೊದಲು ಮಾಡಿದಾಗ ನಮಗೂ ಹರ್ಷವಾಯಿತೆಂದು ಒಪ್ಪಿಕೊಳ್ಳುತ್ತೇವೆ. ಆದರೆ ಆ ಮೈಲಿಯ ಉದ್ದವು ಮರಳು ನಡೆದ ದಿಕ್ಕಿನ ಉದ್ದವೆಂದು ಗ್ರಂಥವು ಹೇಳುವುದಿಲ್ಲ. ದಿಣ್ಣೆಯು ಐದು ಶತಮಾನಗಳ ಕಾಲ ಒಂದೇ ವೇಗದಿಂದ ನಡೆಯಿತೆನ್ನುವುದಕ್ಕೂ ಆಧಾರವಿಲ್ಲ. ಇಷ್ಟು ಅಂದವಾಗಿ ಹೊಂದುವ ಲೆಕ್ಕವನ್ನು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯದಿರುವುದು ಲೇಸು. ಅದರಿಂದ ಸಿದ್ಧವಾಗುವುದಿಷ್ಟೆ: ಇಂತಹ ವೇಗದಲ್ಲಿ ಸರಿಯುವ ಮರಳು ಒಂದು ಊರನ್ನು ನುಂಗಲು ತಲೆಮಾರುಗಳು ಬೇಕು. 1610ರ ಒಂದು ದಿನದಿಂದ ಈ ವಿನಾಶವನ್ನು ಎಣಿಸುವುದು ಸಲ್ಲದು.

ಗೆಜೆಟಿಯರಿನ ಅದೇ ಭಾಗದಲ್ಲಿ ವಾಚಕರು ಸಾಮಾನ್ಯವಾಗಿ ದಾಟಿಹೋಗುವ ಒಂದು ಸಂಗತಿಯುಂಟು. ಮರಳು ಮೂರು ಕಡೆಯಿಂದ ಒತ್ತಿಬರುತ್ತಿದ್ದಂತೆ ನಿವಾಸಿಗಳು ಮನೆಗಳನ್ನು ಬಿಟ್ಟು ಮತ್ತೆ ಮತ್ತೆ ಒಳನಾಡಿನ ಕಡೆಗೆ ಹಿಂಜರಿಯಬೇಕಾಗಿತ್ತು. ವರ್ಷಕ್ಕೆ ಹತ್ತಡಿಯೆಂದರೆ, ಮದುವೆಯಾಗಿ ಬಂದಾಗ ನೂರೈವತ್ತು ಅಡಿ ಆಚೆಗಿದ್ದ ದಿಣ್ಣೆಯು ಹದಿನೈದು ವರ್ಷಗಳಲ್ಲಿ ಹಿತ್ತಲ ಬಾಗಿಲಿಗೆ ಬರುತ್ತದೆ. ನಾಲೆಯ ನೀರಿನ ಬೇಸಾಯವನ್ನು ತೊರೆಯಲಾರದೆ, ಮನೆಯನ್ನು ಮಾತ್ರ ತೊರೆದು, ಅದೇ ಊರಿನಲ್ಲಿ ಸ್ವಲ್ಪ ಹಿಂದಕ್ಕೆ ಇನ್ನೊಂದು ಮನೆ ಕಟ್ಟಿದ ಒಕ್ಕಲುಗಳ ಚರಿತ್ರೆ ಇದು. ಶಾಪದ ಕಥೆಯಲ್ಲಿ ರಾಣಿಯಿದ್ದಾಳೆ, ರಾಜರಿದ್ದಾರೆ, ಇವರಿಲ್ಲ. ತಲಕಾಡಿನ ಇತಿಹಾಸವನ್ನು ಶಾಪದಿಂದ ಬಿಡಿಸಬೇಕೆಂದು ನಾವು ಒತ್ತಿಹೇಳುವುದು ಮುಖ್ಯವಾಗಿ ಈ ಕಾರಣಕ್ಕಾಗಿ.

ಈಗ ದಿಣ್ಣೆಗಳ ಮೇಲೆ ನೀಲಗಿರಿ ಮೊದಲಾದ ಮರಗಳು ಬೆಳೆದು ಮರಳನ್ನು ಹಿಡಿದಿವೆ. ಕಾವೇರಿಯ ಪ್ರವಾಹವೂ ಕನ್ನಂಬಾಡಿಯ ಜಲಾಶಯದಿಂದಾಗಿ ಹಿಂದಿನಂತಿಲ್ಲ. ಆದರೂ ಪಾತಾಳೇಶ್ವರ, ಮರಳೇಶ್ವರ ಗುಡಿಗಳನ್ನು ಕಾಣಲು ಇಂದಿಗೂ ಮರಳಿನ ನಡುವಣ ಹಳ್ಳಕ್ಕೆ ಇಳಿಯಬೇಕು. 2013 ಮತ್ತು 2020ರಲ್ಲಿ ಪಂಚಲಿಂಗ ದರ್ಶನಕ್ಕೆ ಬಂದ ಭಕ್ತರು ಹೀಗೆಯೇ ಇಳಿದರು. 1992-93ರ ಉತ್ಖನನವು ದೇವಾಲಯಗಳ ಸುತ್ತಣ ಅವಶೇಷಗಳನ್ನು ಬೆಳಕಿಗೆ ತಂದಿತು. ಮುಂದೆ ಅಗೆಯುವವರು ಗುಡಿಗಳಿಂದ ಸ್ವಲ್ಪ ದೂರ ಸರಿದು, ಒಂದರ ಹಿಂದೊಂದರಂತೆ ಜನರು ಬಿಟ್ಟುಹೋದ ಮನೆಗಳ ನೆಲಗಟ್ಟುಗಳನ್ನೂ ಒಲೆಗಳನ್ನೂ ಹುಡುಕಬೇಕು. ಮರಳು ಯಾವ ಕಾಲದಲ್ಲಿ ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಆ ಮನೆಗಳಲ್ಲಿ ಉಳಿದ ಮಡಕೆಯ ಚೂರುಗಳೂ ನಾಣ್ಯಗಳೂ ಹೇಳಬಲ್ಲವು.