ಫ್ಲಾರೆನ್ಸ್ ಚಂಡಮಾರುತ
ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾ ರಾಜ್ಯಗಳಲ್ಲಿ ಭೀಕರ ನೆರೆ ತಂದ ಅಟ್ಲಾಂಟಿಕ್ ಚಂಡಮಾರುತ. 2018ರ ಸೆಪ್ಟೆಂಬರ್ 14ರಂದು ರೈಟ್ಸ್‌ವಿಲ್ ಬೀಚ್ ಬಳಿ ದಡ ಮುಟ್ಟಿದಾಗ ಅದು ಗಾಳಿಯ ವೇಗದ ಲೆಕ್ಕದಲ್ಲಿ ಅತಿ ಕೆಳಗಿನ 1ನೇ ವರ್ಗಕ್ಕೆ ಇಳಿದಿತ್ತು. ಗಾಳಿಯ ವರ್ಗವೊಂದನ್ನೇ ನೋಡಿ ಅಪಾಯ ಅಳೆಯುವುದು ಎಷ್ಟು ತಪ್ಪೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಮುಂದಕ್ಕೆ ತಳ್ಳುವ ಮೇಲ್ಗಾಳಿ ದುರ್ಬಲವಾಗಿದ್ದರಿಂದ ಚಂಡಮಾರುತ ಮನುಷ್ಯನ ನಡಿಗೆಯಷ್ಟು ನಿಧಾನವಾಗಿ ತೆವಳಿತು. ಬೆಚ್ಚನೆಯ ಕಡಲಿನಿಂದ ತೇವ ಹೀರುತ್ತ ಒಂದೇ ಸೀಮೆಯ ಮೇಲೆ ದಿನಗಟ್ಟಲೆ ಮಳೆ ಸುರಿಸಿತು. ಎಲಿಜಬೆತ್‌ಟೌನ್ ಬಳಿ 900 ಮಿ.ಮೀ.ಗೂ ಹೆಚ್ಚು ಮಳೆಯಾಯಿತು. ಮೊದಲು ಹಠಾತ್ ಪ್ರವಾಹ ರಸ್ತೆಗಳನ್ನು ಮುಳುಗಿಸಿತು. ನದಿಗಳ ಸರದಿ ಆಮೇಲಿನದು: ಫೇಯೆಟ್‌ವಿಲ್‌ನಲ್ಲಿ ಕೇಪ್ ಫಿಯರ್ ನದಿ ಗರಿಷ್ಠ ಮಟ್ಟಕ್ಕೇರಿದ್ದು ಮಳೆ ನಿಂತ ಮೇಲೆ. ವಿಲ್ಮಿಂಗ್ಟನ್ ನಗರಕ್ಕೆ ರಸ್ತೆ ಸಂಪರ್ಕ ಕಡಿಯಿತು. ಹಂದಿ ಸಾಕಣೆ ಕೇಂದ್ರಗಳ ಹೊಲಸಿನ ಹೊಂಡಗಳು ಉಕ್ಕಿ ನೆರೆನೀರಿಗೆ ಸೇರಿದವು. ಫ್ಲಾರೆನ್ಸ್ ಹೆಸರನ್ನು ಅಟ್ಲಾಂಟಿಕ್ ಚಂಡಮಾರುತಗಳ ಹೆಸರುಗಳ ಪಟ್ಟಿಯಿಂದ ಕೈಬಿಟ್ಟು, ಫ್ರಾನ್ಸೀನ್ ಎಂಬ ಹೆಸರನ್ನು ಸೇರಿಸಲಾಗಿದೆ.