ಸೀತಾಬರ್ಡಿಯಲ್ಲಿ ಮರಳಿ ಸಿಕ್ಕ ಅಂಕಿ

ನಾಗಪುರದ ಸೀತಾಬರ್ಡಿ ಮಾರುಕಟ್ಟೆಯ ಪಕ್ಕದಲ್ಲೇ ಕೋಟೆಯ ಗುಡ್ಡವಿದೆ. 1817ರ ನವೆಂಬರ್ 26 ಮತ್ತು 27ರಂದು ಇಲ್ಲಿ ಅಪ್ಪಾ ಸಾಹೇಬ ಭೋಸಲೆಯ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಯ ತುಕಡಿಗಳಿಗೂ ಕಾಳಗ ನಡೆಯಿತು. ಕಂಪನಿಯ ಕಡೆ ನಿಂತವರಲ್ಲಿ ಮದ್ರಾಸ್ ಸೈನ್ಯದ 20 ಮತ್ತು 24ನೇ ರೆಜಿಮೆಂಟುಗಳ ಸಿಪಾಯಿಗಳಿದ್ದರು.

ಈ 24ರ ಹಿಂದೊಂದು ಕಥೆಯಿದೆ. ಮೊದಲು ಅದು 1ನೇ ರೆಜಿಮೆಂಟು. 1806ರ ಜುಲೈ 10ರಂದು ವೆಲ್ಲೂರು ಕೋಟೆಯಲ್ಲಿ ಸಿಪಾಯಿಗಳು ದಂಗೆಯೆದ್ದರು. ಟಿಪ್ಪುವಿನ ಮಕ್ಕಳನ್ನು ಕಂಪನಿ ಇರಿಸಿದ್ದ ಕೋಟೆ ಅದು. ದಂಗೆಯಲ್ಲಿ ಈ ರೆಜಿಮೆಂಟಿನವರೂ ಇದ್ದುದರಿಂದ ಕಂಪನಿ ‘1’ ಎಂಬ ಅಂಕಿಯನ್ನೇ ಪಟ್ಟಿಯಿಂದ ಅಳಿಸಿ ‘24’ ಕೊಟ್ಟಿತು. ಸೀತಾಬರ್ಡಿಯಲ್ಲಿ ಗೆದ್ದ ಮೇಲೆ ಸಿಪಾಯಿಗಳು ತಮ್ಮ ಹಳೆಯ ಅಂಕಿಯನ್ನು ಕೇಳಿದರು. ಕಂಪನಿ ಒಪ್ಪಿತು.

ಈ ಕಥೆಯನ್ನು ಕಂಪ್ಯೂಟರಿಗೆ ಹೇಳಲು ಹೊರಟಾಗ ನಾನು ಎಡವಿದೆ. ಸೆಮ್ಯಾಂಟಿಕ್ ವೆಬ್‌ನ ತಳಪಾಯವಾದ, 1999ರಲ್ಲಿ ಮೊದಲು ಮಾನಕವಾದ ಆರ್‌ಡಿಎಫ್‌ನಲ್ಲಿ ಪ್ರತಿ ಸಂಗತಿಯೂ ಮೂರು ಪದಗಳ ವಾಕ್ಯ: ಯಾರು, ಯಾವ ಸಂಬಂಧ, ಯಾವುದಕ್ಕೆ. ವಾಕ್ಯದ ಎರಡು ತುದಿಗಳೇ ನೋಡ್‌ಗಳು. ಪೈಥಾನ್‌ನ ಆರ್‌ಡಿಎಫ್‌ಲಿಬ್ ಎಂಬ ಲೈಬ್ರರಿಯಲ್ಲಿ ಇವು ಮೂರು ಬಗೆ. ವಿಳಾಸವುಳ್ಳದ್ದು ಯುಆರ್‌ಐರೆಫ್. ಬರೀ ಅಕ್ಷರ, ಅಂಕಿ, ತಾರೀಖು ಲಿಟರಲ್. ಹೆಸರಿಲ್ಲದ್ದು ಬಿನೋಡ್.

ನಾನು ‘24ನೇ ರೆಜಿಮೆಂಟು’ ಎಂಬುದನ್ನು ಲಿಟರಲ್ ಆಗಿ ಬರೆದಿದ್ದೆ. ಆದರೆ ಆರ್‌ಡಿಎಫ್ ನಿಯಮದಂತೆ ಲಿಟರಲ್ ವಾಕ್ಯದ ಕರ್ತೃವಾಗಲಾರದು. ಅದರ ಬಗ್ಗೆ ಮುಂದೇನೂ ಹೇಳುವಂತಿಲ್ಲ. ಸರಿಯಾದ ದಾರಿ ಬೇರೆ: ರೆಜಿಮೆಂಟಿಗೆ ಒಂದು ಯುಆರ್‌ಐ ಕೊಟ್ಟು, 1 ಮತ್ತು 24 ಎರಡನ್ನೂ ಅದಕ್ಕೆ ಲಿಟರಲ್‌ಗಳಾಗಿ ಜೋಡಿಸಬೇಕು. ಯಾವ ಅಂಕಿ ಯಾವ ಕಾಲದ್ದು ಎನ್ನುವುದನ್ನು ಬೇರೆ ವಾಕ್ಯಗಳು ಹೇಳುತ್ತವೆ. ಆಗ ಅಂಕಿ ಅಳಿದರೂ ನೋಡ್ ಉಳಿಯುತ್ತದೆ. ಕಂಪನಿ ಅಳಿಸಿದ್ದು ಲಿಟರಲ್ಲನ್ನು. ಸಿಪಾಯಿಗಳು ನೆನಪಿಟ್ಟುಕೊಂಡದ್ದು ನೋಡನ್ನು.

ಆದರೆ ಆ ಸಿಪಾಯಿಗಳು? ಹೆಸರು ಗೊತ್ತಿಲ್ಲದವನಿಗೆ ಬಿನೋಡ್ ಇದೆ: ‘ಒಬ್ಬನಿದ್ದ, ಈ ರೆಜಿಮೆಂಟಿನವನು, ಇಲ್ಲಿ ಸತ್ತ’ ಎನ್ನಬಹುದು. ಬಿನೋಡಿನ ಗುರುತು ಮಾತ್ರ ತನ್ನ ಕಡತದೊಳಗಷ್ಟೇ ಸಲ್ಲುತ್ತದೆ. ವೆಲ್ಲೂರಿನ ಕಡತದ ಒಬ್ಬ, ಸೀತಾಬರ್ಡಿಯ ಕಡತದ ಒಬ್ಬ. ಇಬ್ಬರಿಗೂ ಒಂದೇ ಗುರುತು ಬರೆದಿದ್ದರೂ ಎರಡು ಕಡತ ಸೇರಿಸಿದಾಗ ಅವರು ಬೇರೆಬೇರೆ ನೋಡ್‌ಗಳಾಗಿಯೇ ಉಳಿಯುತ್ತಾರೆ. ಹನ್ನೊಂದು ವರ್ಷ ಅಳಿಸಿದ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವನು ಒಬ್ಬನೇ ಇದ್ದಿರಬಹುದು. ಅವರಿಬ್ಬರೂ ಒಬ್ಬನೇ ಎಂಬ ವಾಕ್ಯ ಬರೆಯಲು ಅವನ ಹೆಸರು ನನ್ನ ಬಳಿ ಇಲ್ಲ.