ದಲ್ಲಾಳಿಯಿಂದ ಲಿಂಕ್‌ವರೆಗೆ: ಹಿಂದೂಪುರದ ಮಂಡಿ ಕಲಿಸುವ ಪಾಠ

'ದಲ್ಲಾಳಿ' ಎಂಬ ಮಾತು ಇಂದು ನಮ್ಮಲ್ಲಿ ಹೆಚ್ಚುಕಡಿಮೆ ಬೈಗುಳವೇ ಆಗಿಬಿಟ್ಟಿದೆ. ಆದರೆ ಅದರ ಮೂಲವಾದ ಅರಬಿಯ 'ದಲ್ಲಾಲ್' ಪದದ ಬೇರಿಗೆ ದಾರಿ ತೋರಿಸುವುದು ಎಂಬ ಅರ್ಥವಿದೆ. ಸಾಕ್ಷ್ಯಕ್ಕೆ ನಾವು ಹೇಳುವ 'ದಲೀಲ್' ಕೂಡ ಅದೇ ಬೇರಿನದು. ಗಿರಾಕಿಗೆ ಸರಕನ್ನು ತೋರಿಸಿ, ವ್ಯಾಪಾರ ಕುದುರಿದರೆ ಮಾತ್ರ ಕಮಿಷನ್ ಪಡೆಯುವುದು ದಲ್ಲಾಳಿಯ ಕೆಲಸ. ಈಗ ಮೊಬೈಲಿನಲ್ಲಿ ನಡೆಯುವ ಅಫಿಲಿಯೇಟ್ ಮಾರ್ಕೆಟಿಂಗ್ ಕೂಡ ಇದೇ. ತುಳುವಿನ 'ಬ್ಯಾರ' ಎಂಬ ಪದದಿಂದ ನಮ್ಮ ಹೆಸರು ಬಂತೆಂದು ಹೇಳಿಕೊಳ್ಳುವ ನಮಗೆ ಇದರ ಚರಿತ್ರೆ ಗೊತ್ತಿರಬೇಕು.

ಅದನ್ನು ನಾನು ಮಂಗಳೂರಿನ ಬಂದರಿನ ಬದಲು ಗಡಿಯಾಚೆಯಿಂದ ಹೇಳುತ್ತೇನೆ. ಹಿಂದೂಪುರ, ಕಲ್ಯಾಣದುರ್ಗ ಎರಡೂ ಬಳ್ಳಾರಿಯಿಂದ ಬೇರ್ಪಡಿಸಿ 1882ರಲ್ಲಿ ರಚಿಸಿದ ಅನಂತಪುರ ಜಿಲ್ಲೆಗೆ ಸೇರಿದ್ದವು. 2022ರ ಏಪ್ರಿಲ್‌ನಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಎರಡೂ ಕಡೆ ತೆಲುಗಿನ ಜೊತೆ ಕನ್ನಡವೂ ಕಿವಿಗೆ ಬೀಳುತ್ತದೆ. ಕಲ್ಯಾಣದುರ್ಗದ ಸುತ್ತ ಮಳೆ ನಂಬಿದ ಶೇಂಗಾ ಬೇಸಾಯ. ಹಿಂದೂಪುರದ್ದು ಹುಣಸೆಹಣ್ಣಿಗೆ ಹೆಸರಾದ ಮಂಡಿ. ಅಲ್ಲಿ ಹುಣಸೆಯನ್ನು 'ಕರಿಪುಳಿ', 'ಫ್ಲವರ್' ಎಂದು ವಿಂಗಡಿಸಿ ಮಾರುತ್ತಾರೆ.

ನಾಲ್ಕು ಮೂಟೆ ತಂದ ರೈತನಿಗೆ ದೂರದ ಊರಿನ ಖರೀದಿದಾರ ಯಾರೆಂದು ಗೊತ್ತಿರುವುದಿಲ್ಲ. ಕಮಿಷನ್ ಏಜೆಂಟ್ ಮೂಟೆ ಬಿಚ್ಚಿಸಿ, ಸರಕು ತೋರಿಸಿ, ದರ ಕೂಗಿಸಿ, ಹಣ ವಸೂಲು ಮಾಡಿ ತನ್ನ ಪಾಲು ಹಿಡಿದುಕೊಳ್ಳುತ್ತಾನೆ. ಕೆಡುಕು ಇದ್ದದ್ದು ಕಮಿಷನ್ನಿನಲ್ಲಲ್ಲ, ಗುಟ್ಟಿನಲ್ಲಿ. ನಮ್ಮ ದೇಶದ ಎಷ್ಟೋ ಸಂತೆ, ಮಂಡಿಗಳಲ್ಲಿ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ದರ ನಿಗದಿ ಮಾಡುತ್ತಿದ್ದರು. ಸರಕಿನ ಒಡೆಯ ಎದುರಿಗೇ ನಿಂತಿದ್ದರೂ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಮದ್ರಾಸ್ ಪ್ರಾಂತದಲ್ಲಿ 1933ರಲ್ಲಿ ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯ್ದೆ ಬಂತು. 1966ರ ಆಂಧ್ರ ಕಾಯ್ದೆ ಕಮಿಷನ್ ಏಜೆಂಟರನ್ನು ಲೈಸೆನ್ಸಿನ ಅಡಿಗೆ ತಂದಿತು. ಕಾನೂನು ದಲ್ಲಾಳಿಯನ್ನು ಓಡಿಸಲಿಲ್ಲ, ಟವೆಲ್ಲನ್ನು ತೆಗೆಯಲು ನೋಡಿತು.

ಇಂಟರ್ನೆಟ್ಟಿನಲ್ಲಿ ಇದೇ ಕಥೆ ಮತ್ತೆ ನಡೆಯಿತು. ಅಮೆರಿಕದಲ್ಲಿ ವಿಲಿಯಂ ಟೋಬಿನ್ ಎಂಬವರ ಹೂವಿನ ವ್ಯಾಪಾರ 1989ರಲ್ಲಿ ಪ್ರಾಡಿಜಿ ಎಂಬ ಜಾಲದಲ್ಲಿ ಕಮಿಷನ್ ಪದ್ಧತಿ ಶುರುಮಾಡಿತು. 1994ರಲ್ಲಿ ಸಂಗೀತದ ಸಿ.ಡಿ. ಮಾರುವ ಸಿಡಿನೌ, 1996ರ ಜುಲೈಯಲ್ಲಿ ಅಮೆಜಾನ್ ಅದೇ ಹಾದಿ ಹಿಡಿದವು. ಲಿಂಕ್‌ನಲ್ಲಿ ಅದನ್ನು ಹಂಚಿದವರ ಗುರುತಿನ ಸಂಖ್ಯೆ ಅಡಗಿರುತ್ತದೆ. ಅದನ್ನು ಒತ್ತಿ ಯಾರಾದರೂ ಕೊಂಡರೆ ಕಮಿಷನ್ ಅವರ ಲೆಕ್ಕಕ್ಕೆ ಸೇರುತ್ತದೆ.

ಇದಕ್ಕೆ ದೊಡ್ಡ ಕಂಪನಿಯೇ ಬೇಕೆಂದಿಲ್ಲ. ಕಲ್ಯಾಣದುರ್ಗದ ಶೇಂಗಾದಿಂದ ಗಾಣದ ಎಣ್ಣೆ ತೆಗೆಯುವವರೋ, ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಮಾರುವ ನಮ್ಮ ಉಮ್ಮಂದಿರೋ ಹತ್ತು ಜನರಿಗೆ ಒಂದೊಂದು ಕೂಪನ್ ಕೋಡ್ ಕೊಟ್ಟರೆ ಸಾಕು. 300 ರೂಪಾಯಿಯ ಬಾಟಲಿಗೆ ಶೇಕಡಾ 10 ಎಂದರೆ ಕಮಿಷನ್ 30 ರೂಪಾಯಿ. ಮಾರಾಟ ಆಗದಿದ್ದರೆ ಖರ್ಚೂ ಇಲ್ಲ. ಆದರೆ ಪ್ಯಾಕಿಂಗ್, ಕೊರಿಯರ್ ಕಳೆದ ಮೇಲೆ ಉಳಿಯುವ ಲಾಭದೊಳಗೆ ಆ 30 ರೂಪಾಯಿ ಹಿಡಿಸಬೇಕು. ಸರಕು ವಾಪಸ್ ಬರುವ ಅವಧಿ ಮುಗಿದ ಮೇಲೆಯೇ ಕಮಿಷನ್ ಕೊಡಬೇಕು.

ಟವೆಲ್ಲಿನ ಪ್ರಶ್ನೆ ಇಲ್ಲಿಯೂ ಇದೆ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಇದು ತುಂಬಾ ಒಳ್ಳೆಯದು, ತಗೊಳ್ಳಿ" ಎಂದು ಬರೆದು ಲಿಂಕ್ ಹಾಕುವವರು ತಮಗೆ ಕಮಿಷನ್ ಇದೆಯೆಂದು ಹೇಳದಿದ್ದರೆ, ಅದೂ ಬಟ್ಟೆಯಡಿಯ ಬೆರಳೇ. ನಮ್ಮ ದೇಶದ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ, ಲಾಭದ ಸಂಬಂಧವಿದ್ದರೆ ಸ್ಪಷ್ಟವಾಗಿ ತಿಳಿಸಬೇಕೆಂದು ಮಾರ್ಗಸೂಚಿ ಹೊರಡಿಸಿವೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ದಂಡಕ್ಕಿಂತ ದೊಡ್ಡದು ಮುಲಾಜು. ಮಂಡಿಯ ದಲ್ಲಾಳಿ ಮೋಸ ಮಾಡಿದರೆ ರೈತ ಮುಂದಿನ ಸುಗ್ಗಿಗೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಸಂಬಂಧಿಕರು ಹಾಗೆ ಹೋಗಲಾರರು, ನಮ್ಮ ಮುಖ ನೋಡಿ ಮತ್ತೆ ಕೊಳ್ಳುತ್ತಾರೆ. ಆ ಮುಲಾಜನ್ನು ಮಾರಿಕೊಳ್ಳಬಾರದು. "ಇದರಲ್ಲಿ ನನಗೂ 30 ರೂಪಾಯಿ ಸಿಗುತ್ತದೆ" ಎಂದು ಲಿಂಕಿನ ಜೊತೆಗೇ ಬರೆದುಬಿಟ್ಟರೆ ವ್ಯಾಪಾರವೂ ಹಲಾಲ್, ನೆಂಟಸ್ತಿಕೆಯೂ ಕ್ಷೇಮ.